‘ಬೆಳವಣಿಗೆ ಇಲ್ಲ’ ಎಂದಿದೆ ಕಲ್ಚರ್ ವರದಿ. ಸೋಂಕೇ ಇಲ್ಲ ಎಂದು ಅರ್ಥವೇ?

ಹಸಿರೆಲೆ:
ಅಮ್ಮನಿಗೆ ಆರು ದಿನಗಳಿಂದ ಚಳಿಜ್ವರ. ಆಸ್ಪತ್ರೆಗೆ ಸೇರಿಸಿ ಎರಡು ದಿನವಾಯಿತು. ಸೇರಿಸಿದ ಕೂಡಲೇ ತೆಗೆದ ರಕ್ತದ ಕಲ್ಚರ್ (ಜೀವಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿ ಇಂದು ಕೈಗೆ ಬಂದಿದೆ. ‘48 ಗಂಟೆಗಳ ನಂತರ ಬೆಳವಣಿಗೆ ಇಲ್ಲ’ ಎಂದು ಬರೆದಿದ್ದಾರೆ. ಮೂತ್ರದ ವರದಿ ಇನ್ನೂ ವಿಚಿತ್ರ: ‘ಹಲವು ಬಗೆಯ ಜೀವಾಣುಗಳ ಮಿಶ್ರ ಬೆಳವಣಿಗೆ, ಮಾದರಿಯನ್ನು ಮತ್ತೆ ಕಳುಹಿಸಿ’. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಎಲ್ಲವೂ ಇದೆ! ವೈದ್ಯರು ಮಾತ್ರ ಬ್ಯಾಕ್ಟೀರಿಯಾ ಸೋಂಕೆಂದೇ ಔಷಧ ಕೊಡುತ್ತಿದ್ದಾರೆ. ಪ್ರಯೋಗಾಲಯವನ್ನು ನಂಬಬೇಕೇ, ವೈದ್ಯರನ್ನು ನಂಬಬೇಕೇ? ರಕ್ತದ ಸಕ್ಕರೆ ಎಷ್ಟಿದೆ ಎಂದು ಒಂದು ನಿಮಿಷದೊಳಗೆ ತಿಳಿಯುವ ಕಾಲದಲ್ಲಿ ಇದಕ್ಕೇಕೆ ಇಷ್ಟು ದಿನ?

ರಾತ್ರಿಪಾಳಿ:
ನಾನು ವಾರ್ಡ್‌ನಲ್ಲಿ ಕೆಲಸ ಮಾಡುವ ವೈದ್ಯ. ಉತ್ತರ ಹೇಳುವ ಮೊದಲು ಎರಡು ವಿಷಯ ತಿಳಿಯಬೇಕು. ರಕ್ತ ತೆಗೆಯುವ ಮೊದಲು ಅವರು ಯಾವುದಾದರೂ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೇ? ಎಷ್ಟು ಬಾಟಲಿಗಳಿಗೆ ರಕ್ತ ತುಂಬಿಸಿದರು?

ಹಸಿರೆಲೆ:
ಮನೆಯಲ್ಲಿ ಹಿಂದೆಂದೋ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಗಳನ್ನು ಮೂರು ದಿನ ನುಂಗಿದ್ದರು. ನನಗೆ ಗೊತ್ತಾಗಿದ್ದೇ ಆಸ್ಪತ್ರೆಯಲ್ಲಿ. ಬಾಟಲಿ ಒಂದೇ. ನರ ಸಿಗದೆ ಎರಡು ಸಲ ಚುಚ್ಚಿ, ಸಿಕ್ಕಷ್ಟು ತುಂಬಿಸಿದರು. ಒಂದು ಚಹಾ ಚಮಚದಷ್ಟೂ ಇರಲಿಲ್ಲವೇನೋ.

ಅಗರ್ ತಟ್ಟೆ:
ಸೂಕ್ಷ್ಮಜೀವಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಂತ್ರಜ್ಞೆಯಾಗಿರುವ ನನಗೆ ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಕಾಣಿಸಿತು.

ರಕ್ತದಲ್ಲಿ ಬ್ಯಾಕ್ಟೀರಿಯಾ ಹರಿದಾಡುತ್ತಿವೆ ಎಂದರೆ ಕೆರೆಯ ನೀರಿನಲ್ಲಿ ಪಾಚಿ ಇದ್ದಂತೆ ಎಲ್ಲೆಲ್ಲೂ ಇರುತ್ತವೆ ಎಂದು ಜನ ಭಾವಿಸುತ್ತಾರೆ. ಹಾಗಲ್ಲ. ದೊಡ್ಡವರಲ್ಲಿ ಗಂಭೀರ ಸೋಂಕಿದ್ದಾಗಲೂ ಎಷ್ಟೋ ಸಲ ಒಂದು ಮಿಲಿಲೀಟರ್ ರಕ್ತದಲ್ಲಿ ಜೀವಂತ ಬ್ಯಾಕ್ಟೀರಿಯಾ ಒಂದೂ ಸಿಗುವುದಿಲ್ಲ, ಸಿಕ್ಕರೆ ನಾಲ್ಕಾರು. ಆದ್ದರಿಂದಲೇ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. ಗಾಳಿ ಬೇಕಾದ ಜೀವಾಣುಗಳಿಗೆ ಒಂದು ಬಾಟಲಿ, ಗಾಳಿ ಒಗ್ಗದವುಗಳಿಗೆ ಇನ್ನೊಂದು. ಈ ಜೋಡಿಗೆ ಒಂದು ಸೆಟ್ ಎನ್ನುತ್ತೇವೆ. ಅಂಥ ಎರಡು ಸೆಟ್‌ಗಳನ್ನು ಬೇರೆ ಬೇರೆ ಕಡೆ ಚುಚ್ಚಿ ತೆಗೆಯಬೇಕು. ಒಂದೇ ಸೆಟ್ ತೆಗೆದರೆ, ರಕ್ತಕ್ಕೆ ಸೋಂಕು ಇಳಿದಿರುವ ಮೂವರಲ್ಲಿ ಸುಮಾರು ಒಬ್ಬರದು ತಪ್ಪಿಹೋಗುತ್ತದೆ. ನಿಮ್ಮ ತಾಯಿಯವರಿಂದ ತೆಗೆದದ್ದು ಅರ್ಧ ಸೆಟ್, ಅದೂ ಅರೆತುಂಬಿದ ಬಾಟಲಿ. ಬಲೆಯನ್ನು ಬೀಸದೆ ದಡದಲ್ಲಿ ಅದ್ದಿ ಎತ್ತಿ, ಮೀನಿಲ್ಲ ಎಂದ ಹಾಗಾಯಿತು.

ಇನ್ನೊಂದು ವಿಷಯ. 48 ಗಂಟೆಗಳದ್ದು ಮಧ್ಯಂತರ ವರದಿ. ಬಾಟಲಿ ಯಂತ್ರದೊಳಗೆ 35 ಡಿಗ್ರಿಯ ಆಸುಪಾಸಿನಲ್ಲಿ ಐದು ದಿನ ಕೂರುತ್ತದೆ. ಜೀವಾಣು ಬೆಳೆದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬಾಟಲಿಯ ತಳದಲ್ಲಿರುವ ಸಂವೇದಕದಲ್ಲಿ ಬದಲಾವಣೆಯಾಗುತ್ತದೆ, ಯಂತ್ರ ಕೂಗುತ್ತದೆ. ನಿಜಕ್ಕೂ ಸೋಂಕು ತಂದ ಜೀವಾಣುಗಳು ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲೇ ಕೂಗಿಸುತ್ತವೆ, ಅದು ನಿಜ. ಆದರೆ ಎಲ್ಲವೂ ಅಲ್ಲ.

ಮೂರನೇ ವರ್ಷ:
ನಾನು ಪ್ರಯೋಗಾಲಯ ತಂತ್ರಜ್ಞಾನದ ವಿದ್ಯಾರ್ಥಿ. ದಡ್ಡ ಪ್ರಶ್ನೆ ಎನಿಸಿದರೆ ಕ್ಷಮಿಸಿ. ಬೆಳೆಯುವ ತನಕ ಏಕೆ ಕಾಯಬೇಕು? ರಕ್ತವನ್ನೇ ಸ್ಲೈಡ್‌ ಮೇಲೆ ಸವರಿ, ಬ್ಯಾಕ್ಟೀರಿಯಾಗಳನ್ನು ನೇರಳೆ, ಗುಲಾಬಿ ಎಂದು ಎರಡು ಗುಂಪು ಮಾಡುವ ಗ್ರಾಮ್ ಬಣ್ಣ ಹಾಕಿ ನೋಡಬಾರದೇ? ಕೀವಿಗೆ ಹಾಗೆಯೇ ಮಾಡುತ್ತೇವಲ್ಲ?

ಅಗರ್ ತಟ್ಟೆ:
ದಡ್ಡ ಪ್ರಶ್ನೆಯೇನೂ ಅಲ್ಲ, ಲೆಕ್ಕದ ಪ್ರಶ್ನೆ. ಸೂಕ್ಷ್ಮದರ್ಶಕದಲ್ಲಿ ನಮ್ಮ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್‌ನಲ್ಲಿ ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಇರಬೇಕು. ಕೀವಿನಲ್ಲಿ ಅಷ್ಟು ಇರುತ್ತವೆ, ಅದಕ್ಕಿಂತ ಬಹಳ ಹೆಚ್ಚೂ ಇರುತ್ತವೆ. ನಾಲ್ಕಾರು ಇರುವ ರಕ್ತದಲ್ಲಿ ರಾತ್ರಿಯಿಡೀ ಹುಡುಕಿದರೂ ಸಿಗುವುದಿಲ್ಲ. ಆ ನಾಲ್ಕನ್ನು ನಾಲ್ಕು ಕೋಟಿ ಮಾಡಿ ತೋರಿಸುವುದೇ ಕಲ್ಚರ್. ಬಾಟಲಿ ಕೂಗಿದ ಮೇಲೆ ಮೊದಲು ಮಾಡುವ ಕೆಲಸ ಗ್ರಾಮ್ ಬಣ್ಣವೇ. ಹತ್ತು ನಿಮಿಷದಲ್ಲಿ ವಾರ್ಡ್‌ಗೆ ಫೋನ್ ಹೋಗುತ್ತದೆ: ನೇರಳೆ ಗೋಲಗಳ ಗೊಂಚಲು, ಇಲ್ಲವೇ ಗುಲಾಬಿ ಕಡ್ಡಿಗಳು. ಇಡೀ ವರದಿಯಲ್ಲಿ ರೋಗಿಗೆ ಅತಿ ಹೆಚ್ಚು ಉಪಕಾರ ಮಾಡುವುದು ಆ ಒಂದು ಫೋನ್ ಕರೆ ಎಂಬುದು ನನ್ನ ಅಭಿಪ್ರಾಯ.

ಅಂದ ಹಾಗೆ, ಗ್ರಾಮ್ ಬಣ್ಣವನ್ನು ಹಗುರವಾಗಿ ಕಾಣಬೇಡಿ. ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರ್ಲಿನ್‌ನಿಂದ ಅದನ್ನು ಪ್ರಕಟಿಸಿದಾಗ ತನ್ನ ವಿಧಾನ ಇನ್ನೂ ಅಪೂರ್ಣ ಎಂದು ತಾವೇ ಬರೆದುಕೊಂಡಿದ್ದರು. ಕ್ರಿಸ್ಟಲ್ ವಯಲೆಟ್, ಅಯೋಡಿನ್, ಆಲ್ಕೋಹಾಲ್, ಸಾಫ್ರನಿನ್. ಎಲ್ಲ ತಪ್ಪುಗಳೂ ನಡೆಯುವುದು ಬಣ್ಣ ಕಳೆಯುವ ಆ ಮೂರನೆಯ ಹೆಜ್ಜೆಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಫೋನ್ ಬಂತೆಂದು ಆಲ್ಕೋಹಾಲ್ ಸುರಿದ ಸ್ಲೈಡನ್ನು ಹಾಗೆಯೇ ಬಿಟ್ಟು ಹೋದೆ. ತಿರುಗಿ ಬಂದು ನೋಡಿದರೆ ನೇರಳೆಯಾಗಿ ಉಳಿಯಬೇಕಾದ ಗೋಲಗಳೆಲ್ಲ ಗುಲಾಬಿ. ಹಿರಿಯರೊಬ್ಬರು ಸ್ಲೈಡ್ ನೋಡಿ, ‘ಸುತ್ತಲಿನ ಬಿಳಿ ರಕ್ತಕಣಗಳ ಬಣ್ಣ ನೋಡಿದ್ದೀಯಾ?’ ಎಂದಷ್ಟೇ ಕೇಳಿದರು. ಆ ಕಣಗಳು ಯಾವಾಗಲೂ ಗುಲಾಬಿಯಾಗಿರಬೇಕು. ಅವು ನೇರಳೆಯಾಗಿದ್ದರೆ ಬಣ್ಣ ಕಳೆದದ್ದು ಸಾಲದು, ತೀರಾ ಪೇಲವವಾಗಿದ್ದರೆ ಹೆಚ್ಚಾಗಿದೆ. ಅಂದಿನಿಂದ ನಾನು ಬ್ಯಾಕ್ಟೀರಿಯಾಗಳಿಗಿಂತ ಮೊದಲು ಅವುಗಳ ನೆರೆಹೊರೆಯನ್ನು ನೋಡುತ್ತೇನೆ.

ಜೀನ್ ಜಾಡು:
ಇಷ್ಟು ಹೊತ್ತು ಸುಮ್ಮನಿದ್ದೆ. ನಾವು ಇನ್ನೂ 1880ರ ದಶಕದ ತಟ್ಟೆ-ಬಣ್ಣಗಳಲ್ಲೇ ಇದ್ದೇವೆ ಎಂಬುದು ಹೆಮ್ಮೆಯ ವಿಷಯವೇ? ನಾನು ಪಿಸಿಆರ್ (ಜೀವಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ವಿಭಾಗದವನು. ಕ್ಷಯವನ್ನೇ ನೋಡಿ. ಕಫದ ಸ್ಲೈಡ್‌ನಲ್ಲಿ ಕಾಣಬೇಕಾದರೆ ಮಿಲಿಲೀಟರ್‌ಗೆ 5,000ದಿಂದ 10,000 ಜೀವಾಣುಗಳು ಬೇಕು. ಕಲ್ಚರ್ ಹಾಕಿದರೆ, ಆ ಜೀವಾಣು ಇಮ್ಮಡಿಯಾಗಲು 15ರಿಂದ 20 ಗಂಟೆ ತೆಗೆದುಕೊಳ್ಳುವ ಸೋಮಾರಿ. ಘನ ಮಾಧ್ಯಮದಲ್ಲಿ ಉತ್ತರಕ್ಕೆ ಮೂರರಿಂದ ಎಂಟು ವಾರ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಅನುಮೋದಿಸಿದ ಕಾರ್ಟ್ರಿಜ್ ಪಿಸಿಆರ್ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಕ್ಷಯ ಇದೆಯೇ ಎಂಬುದನ್ನೂ ಅದರ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಹೇಳುತ್ತದೆ. ಎಲ್ಲ ಸೋಂಕುಗಳಿಗೂ ಹೀಗೆಯೇ ಮಾಡಿದರೆ ಹಸಿರೆಲೆಯವರು ಐದು ದಿನ ಕಾಯಬೇಕಾಗಿರಲಿಲ್ಲ.

ರಾತ್ರಿಪಾಳಿ:
ಕ್ಷಯದ ಮಟ್ಟಿಗೆ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅಲ್ಲಿ ‘ಈ ಜೀವಾಣು ಇದೆಯೇ?’ ಎಂಬುದು ನಮ್ಮ ಪ್ರಶ್ನೆ. ಜ್ವರದಿಂದ ನಡುಗುತ್ತಾ ಬಂದವರಲ್ಲಿ ‘ಯಾವ ಜೀವಾಣು ಇದೆ?’ ಎಂದು ಕೇಳುತ್ತೇವೆ. ಇವೆರಡೂ ಒಂದೇ ಪ್ರಶ್ನೆಯಲ್ಲ. ಪಿಸಿಆರ್‌ಗೆ ಮೊದಲೇ ಹೆಸರಿನ ಪಟ್ಟಿ ಕೊಡಬೇಕು. ಪಟ್ಟಿಯಲ್ಲಿಲ್ಲದವನು ಮುಂದೆಯೇ ಕುಳಿತಿದ್ದರೂ ಅದಕ್ಕೆ ಕಾಣಿಸುವುದಿಲ್ಲ.

ಅಗರ್ ತಟ್ಟೆ:
ಇನ್ನೂ ಎರಡು ಮಾತು ಸೇರಿಸುತ್ತೇನೆ. ಪಿಸಿಆರ್ ಹಿಡಿಯುವುದು ಡಿಎನ್‌ಎಯನ್ನು, ಜೀವವನ್ನಲ್ಲ. ಔಷಧದಿಂದ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಕ್ಷಯದ ಚಿಕಿತ್ಸೆ ಫಲಿಸಿದೆಯೇ ಎಂದು ನೋಡಲು ಅದೇ ಕಾರ್ಟ್ರಿಜ್ ಬಳಸಬಾರದೆನ್ನುವುದು ಇದೇ ಕಾರಣಕ್ಕೆ. ಎರಡನೆಯದು, ಯಾವ ಔಷಧ ನಾಟುತ್ತದೆ ಎಂಬ ಪ್ರಶ್ನೆ. ಗೊತ್ತಿರುವ ಪ್ರತಿರೋಧದ ಜೀನ್ ಇದ್ದರೆ ಪಿಸಿಆರ್ ಹೇಳುತ್ತದೆ. ಇಲ್ಲದಿದ್ದರೆ ‘ಔಷಧ ಕೆಲಸ ಮಾಡುತ್ತದೆ’ ಎಂದು ಧೈರ್ಯವಾಗಿ ಹೇಳಲು ಅದಕ್ಕೆ ಆಗುವುದಿಲ್ಲ. ಅದನ್ನು ಹೇಳಬೇಕಾದವರು ಜೀವಂತ ಬ್ಯಾಕ್ಟೀರಿಯಾಗಳೇ.

ಜೀನ್ ಜಾಡು:
ಸತ್ತ ಡಿಎನ್‌ಎ ವಿಷಯ ಒಪ್ಪಿದೆ. ಆದರೆ ನಿಮ್ಮ ಕಲ್ಚರ್‌ಗೂ ಕುರುಡು ಇದೆ. ಸಿಫಿಲಿಸ್‌ನ ಜೀವಾಣು ಯಾವ ತಟ್ಟೆಯಲ್ಲೂ ಬೆಳೆಯುವುದಿಲ್ಲ. ಅದಕ್ಕೆ ಇವತ್ತಿಗೂ ಹೆಚ್ಚಾಗಿ ರಕ್ತದಲ್ಲಿನ ಪ್ರತಿಕಾಯಗಳೇ ಗತಿ. ಮೊದಲೇ ಔಷಧ ತೆಗೆದುಕೊಂಡ ಮೆದುಳುಪೊರೆಯ ಉರಿಯೂತದ ರೋಗಿಗಳಲ್ಲಿ ತಟ್ಟೆ ಖಾಲಿ ಇದ್ದಾಗಲೂ ಪಿಸಿಆರ್ ಹಿಡಿದದ್ದನ್ನು ನಾನೇ ಹಲವು ಸಲ ನೋಡಿದ್ದೇನೆ.

ಅಗರ್ ತಟ್ಟೆ:
ಅದೂ ನಿಜ, ಜಗಳವಿಲ್ಲ. ಆದರೆ ರಕ್ತದ ಮಟ್ಟಿಗೆ ನಿಮಗೂ ನನ್ನದೇ ಪಾಡು. ಇಪ್ಪತ್ತು ಮಿಲಿಲೀಟರ್‌ನಲ್ಲಿ ನಾಲ್ಕಾರು ಬ್ಯಾಕ್ಟೀರಿಯಾ ಇದ್ದರೆ, ನಿಮ್ಮ ಕೊಳವೆಗೆ ಹೋಗುವ ಚಿಟಿಕೆ ರಕ್ತದಲ್ಲಿ ಒಂದಾದರೂ ಇರಲೇಬೇಕೆಂಬ ನಿಯಮವಿಲ್ಲ.

ಮೂರನೇ ವರ್ಷ:
‘ಬೆಳವಣಿಗೆ ಇಲ್ಲ’ ಎಂಬುದರ ಬಗ್ಗೆ ಪಾಠದಲ್ಲಿ ಕೇಳಿದ ಒಂದು ಪ್ರಸಂಗ ನೆನಪಾಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೊಟ್ಟೆಯ ಒಳಪದರದ ತುಣುಕುಗಳನ್ನು ಕಲ್ಚರ್‌ಗೆ ಕಳುಹಿಸುತ್ತಿದ್ದರು. ಎರಡು ದಿನ ನೋಡಿ, ಏನೂ ಇಲ್ಲವೆಂದು ತಟ್ಟೆಗಳನ್ನು ಎಸೆಯುತ್ತಿದ್ದರಂತೆ. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಇನ್‌ಕ್ಯುಬೇಟರ್‌ನಲ್ಲೇ ಐದು ದಿನ ಉಳಿಯಿತು, ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಬೆಳೆದಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್. ಅದಕ್ಕೂ ಹಿಂದಿನ ತಟ್ಟೆಗಳ ವರದಿಯಲ್ಲಿ ಏನೆಂದು ಬರೆದಿದ್ದರೋ ಊಹಿಸಿಕೊಳ್ಳಿ.

ಅಗರ್ ತಟ್ಟೆ:
ಈ ಕತೆ ಕೇಳಿದಾಗಲೆಲ್ಲ ನನಗೆ ಎಸೆದ ಆ ತಟ್ಟೆಗಳೇ ನೆನಪಾಗುತ್ತವೆ.

ಹಳೆಯ ನಂಟು:
ಇಷ್ಟೆಲ್ಲ ಏಕೆ? ಜ್ವರ ಎಂದರೆ ವಿಡಾಲ್ ಮಾಡಿಸಿ, ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ.

ರಾತ್ರಿಪಾಳಿ:
ದಯವಿಟ್ಟು ಬೇಡ. ವಿಡಾಲ್ 1896ರದು, ಬೇರೇನೂ ಇಲ್ಲದ ಕಾಲದಲ್ಲಿ ದೊಡ್ಡ ಉಪಕಾರ ಮಾಡಿತು. ಅದು ಹುಡುಕುವುದು ಟೈಫಾಯ್ಡ್ ಜೀವಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಹಿಂದೆ ಎಂದೋ ಬಂದ ಸೋಂಕು, ಹಾಕಿಸಿಕೊಂಡ ಲಸಿಕೆ, ಸಂಬಂಧವಿಲ್ಲದ ಬೇರೆ ಸೋಂಕು, ಯಾವುದರಿಂದ ಬೇಕಾದರೂ ಅದು ಏರಬಹುದು. ಮೊದಲ ವಾರದಲ್ಲಿ ನಿಜವಾದ ಟೈಫಾಯ್ಡ್ ಇದ್ದರೂ ಏರದೇ ಇರಬಹುದು. ಒಂದೇ ಸಲದ ಅಂಕಿ ನೋಡಿ ಔಷಧ ಬರೆಯುವುದು ಹೊಗೆ ನೋಡದೆ ಬೂದಿ ನೋಡಿ ಬೆಂಕಿ ಎಂದ ಹಾಗೆ. ಮೊದಲ ವಾರದಲ್ಲಿ ರಕ್ತದ ಕಲ್ಚರ್ ಮಾಡಿಸಬೇಕು. ಅದೂ ನೂರಕ್ಕೆ ಸುಮಾರು ಅರವತ್ತು ಮಂದಿಯಲ್ಲಷ್ಟೇ ಹಿಡಿಯುತ್ತದೆ. ಎಲುಬಿನ ಮಜ್ಜೆಯ ಕಲ್ಚರ್‌ನಲ್ಲಿ ಇನ್ನೂ ಹೆಚ್ಚು ಸಿಗುತ್ತದೆ, ಆದರೆ ಯಾರೂ ಸುಮ್ಮನೆ ಎಲುಬಿಗೆ ಚುಚ್ಚಿಸಿಕೊಳ್ಳುವುದಿಲ್ಲ.

ಹಸಿರೆಲೆ:
ಮೂತ್ರದ ಮಿಶ್ರ ಬೆಳವಣಿಗೆಯ ಬಗ್ಗೆ ಯಾರೂ ಹೇಳಲಿಲ್ಲ.

ಅಗರ್ ತಟ್ಟೆ:
ಮಾದರಿಯನ್ನು ಯಾವಾಗ ಹಿಡಿದರು, ಎಷ್ಟು ಹೊತ್ತಿಗೆ ಪ್ರಯೋಗಾಲಯ ತಲುಪಿತು?

ಹಸಿರೆಲೆ:
ಬೆಳಿಗ್ಗೆ ಆರಕ್ಕೆ ಹಿಡಿದರು. ಡಬ್ಬಿ ಮೇಜಿನ ಮೇಲಿತ್ತು. ಹತ್ತು ಗಂಟೆ ದಾಟಿದ ಮೇಲೆ ಯಾರೋ ಒಯ್ದರು.

ಅಗರ್ ತಟ್ಟೆ:
ಹಾಗಾದರೆ ನಾಲ್ಕು ಗಂಟೆ. ಅನುಕೂಲ ಸಿಕ್ಕರೆ ಇ-ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಎರಡು ಗಂಟೆಗೆ ಆರು ಸಲ, ಅಂದರೆ ಒಂದು 64 ಆಗುತ್ತದೆ. ನಾಲ್ಕು ಗಂಟೆಗೆ 4,096. ಮೇಜಿನ ಮೇಲೆ ಅಷ್ಟು ಬೇಗ ಬೆಳೆಯದಿದ್ದರೂ ಲೆಕ್ಕ ಕೆಡಲು ಅದರ ಕಾಲುಭಾಗ ಸಾಕು. ನಾವು ಒಂದು ಮೈಕ್ರೋಲೀಟರ್ ಹಿಡಿಯುವ ಲೂಪ್ ಎಂಬ ಸಣ್ಣ ಕುಣಿಕೆಯನ್ನು ಮೂತ್ರದಲ್ಲಿ ಅದ್ದಿ ತಟ್ಟೆಯ ಮೇಲೆ ಎಳೆಯುತ್ತೇವೆ. ಮರುದಿನ ನೂರು ಕಾಲೊನಿ (ಜೀವಾಣು ಬೆಳೆದು ಆದ ಚುಕ್ಕೆ) ಎದ್ದರೆ ಮಿಲಿಲೀಟರ್‌ಗೆ ಒಂದು ಲಕ್ಷ ಎಂದು ಅರ್ಥ. ಸೋಂಕಿದೆ ಎನ್ನಲು ಹೆಚ್ಚಾಗಿ ಬಳಸುವ ಗಡಿರೇಖೆ ಅದೇ. ಚರ್ಮದಿಂದ ಜಾರಿ ಬಿದ್ದ ಜೀವಾಣುಗಳು ಮೇಜಿನ ಮೇಲೆಯೇ ಆ ಗಡಿ ದಾಟಿಬಿಟ್ಟರೆ, ನಾವು ಎಣಿಸಿದ್ದು ನಿಮ್ಮ ತಾಯಿಯ ಸೋಂಕನ್ನಲ್ಲ, ಮೇಜಿನ ಮೇಲಿನ ಬೆಳಗನ್ನು.

ಆದ್ದರಿಂದ ಮೊದಲು ಶುಚಿಗೊಳಿಸಿ, ಮೊದಲ ಹರಿವನ್ನು ಬಿಟ್ಟು, ನಡುವಿನದನ್ನು ಹಿಡಿಯಬೇಕು. ಎರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಎಲ್ಲ ಮಾದರಿಗೂ ಫ್ರಿಜ್ ಒಳ್ಳೆಯದೆಂದು ತಿಳಿಯಬೇಡಿ. ಬೆನ್ನಿನಿಂದ ತೆಗೆದ ದ್ರವವನ್ನು ಕಲ್ಚರ್‌ಗೆ ಮೊದಲು ಎಂದೂ ಫ್ರಿಜ್‌ನಲ್ಲಿಡಬಾರದು. ಮೆದುಳುಪೊರೆಗೆ ಸೋಂಕು ತರುವ ಕೆಲವು ಜೀವಾಣುಗಳು ಚಳಿಗೆ ಸತ್ತೇ ಹೋಗುತ್ತವೆ.

ಹಸಿರೆಲೆ:
ಎಲ್ಲರಿಗೂ ವಂದನೆ. ಮೂರು ದಿನಗಳ ಸುದ್ದಿ ಹೇಳುತ್ತೇನೆ. ಇಲ್ಲಿ ಓದಿದ್ದನ್ನು ವೈದ್ಯರ ಬಳಿ ಕೇಳಿದೆ. ಅವರೇ ಆಗಲೇ ಮತ್ತೆ ಕಳುಹಿಸಲು ಹೇಳಿದ್ದರಂತೆ. ಎರಡು ಸೆಟ್ ರಕ್ತ, ಅಂದರೆ ನಾಲ್ಕು ಬಾಟಲಿ. ಮೂತ್ರವನ್ನು ಹೇಗೆ ಹಿಡಿಯಬೇಕೆಂದು ದಾದಿಯೊಬ್ಬರು ಅಮ್ಮನಿಗೆ ಬಿಡಿಸಿ ಹೇಳಿದರು, ಡಬ್ಬಿಯನ್ನು ನಾನೇ ಓಡಿ ಕೊಟ್ಟು ಬಂದೆ. ಮೂತ್ರದಲ್ಲಿ ಒಂದೇ ಬಗೆ, ಕ್ಲೆಬ್ಸಿಯೆಲ್ಲಾ, ಲಕ್ಷಕ್ಕೂ ಹೆಚ್ಚು. ಆದರೆ ನಾಲ್ಕು ರಕ್ತದ ಬಾಟಲಿಗಳ ಪೈಕಿ ಒಂದರಲ್ಲಿ ‘ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್’ ಬಂದಿದೆಯಂತೆ. ನೆಟ್‌ನಲ್ಲಿ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎರಡು ಸೋಂಕುಗಳೇ?

ರಾತ್ರಿಪಾಳಿ:
ಅವರ ಮೈಯಲ್ಲಿ ಕೃತಕ ಹೃದಯ ಕವಾಟ, ಪೇಸ್‌ಮೇಕರ್, ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ ಏನಾದರೂ ಇದೆಯೇ?

ಹಸಿರೆಲೆ:
ಯಾವುದೂ ಇಲ್ಲ.

ರಾತ್ರಿಪಾಳಿ:
ಹಾಗಿದ್ದರೆ ಇದು ಬಹುಪಾಲು ಚರ್ಮದ ನಿವಾಸಿ, ಸೂಜಿಯ ಜೊತೆ ಸವಾರಿ ಬಂದಿದೆ. ನಾಲ್ಕರಲ್ಲಿ ಒಂದೇ ಬಾಟಲಿ ಎಂಬುದೇ ದೊಡ್ಡ ಸುಳಿವು. ನಿಜವಾಗಿ ರಕ್ತದಲ್ಲಿದ್ದರೆ ಬೇರೆ ಕೈಯಿಂದ ತೆಗೆದ ಸೆಟ್‌ನಲ್ಲೂ ಸಾಮಾನ್ಯವಾಗಿ ಸಿಗಬೇಕು. ಎರಡು ಸೆಟ್ ಬೇಕೆಂದು ನಾವು ಹಟ ಹಿಡಿಯುವುದಕ್ಕೆ ಇದು ಎರಡನೆಯ ಕಾರಣ. ಒಂದೇ ಬಾಟಲಿ ಇದ್ದಿದ್ದರೆ ಈಗ ನಿಮಗೂ ವೈದ್ಯರಿಗೂ ನಿದ್ದೆ ಇರುತ್ತಿರಲಿಲ್ಲ. ಎಷ್ಟೇ ಜಾಗ್ರತೆ ಮಾಡಿದರೂ ಹೀಗಾಗುತ್ತದೆ. ನೂರಕ್ಕೆ ಮೂರಕ್ಕಿಂತ ಕಡಿಮೆ ಇರಬೇಕೆಂಬುದು ಎಲ್ಲ ಕಡೆ ಇಟ್ಟುಕೊಂಡ ಗುರಿ, ಸೊನ್ನೆಯಲ್ಲ. ಅಂತಿಮ ತೀರ್ಮಾನ ನಿಮ್ಮ ವೈದ್ಯರದು.

ಹಸಿರೆಲೆ:
ಅವರೂ ಅದನ್ನೇ ಹೇಳಿದರು. ಇನ್ನೊಂದು ಸಂದೇಹ. ಕ್ಲೆಬ್ಸಿಯೆಲ್ಲಾ ವರದಿಯಲ್ಲಿ ಔಷಧಗಳ ಪಟ್ಟಿ, ಪಕ್ಕದಲ್ಲಿ ಅಂಕಿ, ಅದರ ಪಕ್ಕದಲ್ಲಿ ಎಸ್, ಐ, ಆರ್ ಎಂಬ ಅಕ್ಷರಗಳು. ಸಿಪ್ರೋಫ್ಲಾಕ್ಸಾಸಿನ್‌ಗೆ 0.5, ಅಕ್ಷರ ಐ. ನೈಟ್ರೋಫ್ಯುರಾಂಟೋಯಿನ್‌ಗೆ 32, ಅಕ್ಷರ ಎಸ್. ಕಡಿಮೆ ಅಂಕಿ ಒಳ್ಳೆಯದೆಂದರು. ಹಾಗಿದ್ದರೆ 0.5 ಹೇಗೆ ಹಿಂದೆ ಬಿತ್ತು?

ಅಗರ್ ತಟ್ಟೆ:
ಎಸ್ ಎಂದರೆ ಔಷಧ ನಾಟುತ್ತದೆ, ಆರ್ ಎಂದರೆ ನಾಟುವುದಿಲ್ಲ, ಐ ಎಂದರೆ ನಡುವಿನದು. ಒಂದೇ ಔಷಧದೊಳಗೆ ಹೋಲಿಸುವಾಗ ಕಡಿಮೆ ಒಳ್ಳೆಯದು. ಔಷಧದಿಂದ ಔಷಧಕ್ಕೆ ಹೋಲಿಸಿದರೆ ಅದು ಕಿಲೋವನ್ನು ಮೈಲಿಯ ಜೊತೆ ಹೋಲಿಸಿದಂತೆ. ಆ ಅಂಕಿ ಎಂಐಸಿ, ಅಂದರೆ ಬೆಳವಣಿಗೆಯನ್ನು ತಡೆಯಲು ಮಿಲಿಲೀಟರ್‌ಗೆ ಕನಿಷ್ಠ ಎಷ್ಟು ಮೈಕ್ರೋಗ್ರಾಂ ಔಷಧ ಬೇಕು ಎಂಬುದು. ಅಷ್ಟು ಔಷಧ ದೇಹದಲ್ಲಿ ಆ ಜಾಗಕ್ಕೆ ತಲುಪುತ್ತದೆಯೇ ಎಂಬುದರ ಮೇಲೆ ಪ್ರತಿ ಔಷಧಕ್ಕೂ ಬೇರೆ ಗೆರೆ ಎಳೆದಿರುತ್ತಾರೆ. ಬಹಳ ಪ್ರಯೋಗಾಲಯಗಳು ಅನುಸರಿಸುವ ಸಿಎಲ್‌ಎಸ್‌ಐ ಮಾನದಂಡದಲ್ಲಿ ಈ ಗುಂಪಿನ ಜೀವಾಣುಗಳಿಗೆ ಸಿಪ್ರೋದ ಎಸ್ ಗೆರೆ 0.25, ನೈಟ್ರೋಫ್ಯುರಾಂಟೋಯಿನ್‌ದು 32. ಎರಡನೆಯದು ಮೂತ್ರದಲ್ಲಿ ಧಾರಾಳವಾಗಿ ಸೇರಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ 32 ಕೂಡ ನಡೆಯುತ್ತದೆ.

ರಾತ್ರಿಪಾಳಿ:
ಅಷ್ಟಾದರೂ ಅದನ್ನು ಕೊಟ್ಟಿರಲಾರರು. ಮೂತ್ರಕೋಶದ ಸೋಂಕಿಗೆ ಅದು ಸರಿ. ಚಳಿಜ್ವರ ಬಂದಿದೆ ಎಂದರೆ ಸೋಂಕು ಮೂತ್ರಪಿಂಡದವರೆಗೆ ಹೋಗಿರಬಹುದು. ಅಲ್ಲಿನ ಅಂಗಾಂಶದಲ್ಲಿ ಆ ಔಷಧ ಸಾಕಷ್ಟು ಸೇರುವುದಿಲ್ಲ.

ಮೂರನೇ ವರ್ಷ:
ಔಷಧದ ಬಿಲ್ಲೆ ಇಟ್ಟು ಸುತ್ತಲಿನ ಖಾಲಿ ವಲಯವನ್ನು ಮಿಲಿಮೀಟರ್‌ನಲ್ಲಿ ಅಳೆಯುವ ಕಿರ್ಬಿ-ಬಾವರ್ ವಿಧಾನದಲ್ಲೂ ಇದೇ ಮಾತು. ಕಳೆದ ತಿಂಗಳು ನಾನು ಮುಲ್ಲರ್-ಹಿಂಟನ್ ಅಗರ್ ಸುರಿಯುವಾಗ ಧಾರಾಳಿಯಾದೆ. 4 ಮಿಲಿಮೀಟರ್ ದಪ್ಪ ಇರಬೇಕಾದದ್ದು 6 ಆಗಿತ್ತು. ಔಷಧ ಆಳಕ್ಕಿಳಿದು ವಲಯಗಳೆಲ್ಲ ಕುಗ್ಗಿದವು. ಪ್ರತಿರೋಧವೇ ಇಲ್ಲದ ಗುಣಮಟ್ಟ ಪರೀಕ್ಷೆಯ ಇ-ಕೋಲೈ ಕೂಡ ಅರ್ಧದಷ್ಟು ಔಷಧಗಳಿಗೆ ಬಗ್ಗದ ವೀರನಂತೆ ಕಂಡಿತು. ಆ ಇ-ಕೋಲೈ ಜೊತೆಗಿಡದಿದ್ದರೆ ನನ್ನ ಕೈತಪ್ಪು ರೋಗಿಯ ವರದಿಯಾಗುತ್ತಿತ್ತು.

ಅಗರ್ ತಟ್ಟೆ:
ಹಸಿರೆಲೆಯವರೇ, ಅದೇ ಪಟ್ಟಿಯಲ್ಲಿ ಆ್ಯಂಪಿಸಿಲಿನ್ ಎದುರು ಆರ್ ಇದೆಯೇ ನೋಡಿ. ಇದ್ದೇ ಇರುತ್ತದೆ. ಕ್ಲೆಬ್ಸಿಯೆಲ್ಲಾ ಹುಟ್ಟಿನಿಂದಲೇ ಅದಕ್ಕೆ ಬಗ್ಗದು. ಅಮಾಕ್ಸಿಸಿಲಿನ್‌ಗೂ ಅದೇ ಮಾತು.

ಹಸಿರೆಲೆ:
ಆರ್ ಇದೆ. ಹಾಗಾದರೆ ಅಮ್ಮ ನುಂಗಿದ ಮಾತ್ರೆಯಿಂದ ಮೊದಲ ಕಲ್ಚರ್ ಕೆಟ್ಟಿರಲಿಲ್ಲವೇ? ಮೂರು ದಿನದಿಂದ ಅದೇ ಮಾತ್ರೆಯ ವಿಷಯಕ್ಕೆ ಬೈಯುತ್ತಿದ್ದೇನೆ.

ರಾತ್ರಿಪಾಳಿ:
ಈ ಜೀವಾಣುವಿನ ವಿಷಯದಲ್ಲಿ ಮಾತ್ರೆ ನಿರಪರಾಧಿ. ರಕ್ತದ ಬಾಟಲಿ ಖಾಲಿ ಬಂದದ್ದು ರಕ್ತ ಸಾಲದೆ ಇದ್ದದ್ದರಿಂದ ಇರಬಹುದು, ಅಥವಾ ಜೀವಾಣು ಮೂತ್ರಪಿಂಡದಿಂದ ರಕ್ತಕ್ಕೆ ಇಳಿಯದೆ ಇದ್ದದ್ದರಿಂದಲೂ ಇರಬಹುದು. ಯಾವುದೆಂದು ಈಗ ತಿಳಿಯುವ ದಾರಿಯಿಲ್ಲ. ಬೈಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿ. ಬೇರೆ ಜೀವಾಣು ಆಗಿದ್ದರೆ ಆ ಮಾತ್ರೆ ಅದನ್ನು ಅರೆಜೀವ ಮಾಡಿ ನಮ್ಮ ಕಣ್ಣಿಂದ ಮರೆಸಿಬಿಡುತ್ತಿತ್ತು.

ಹಸಿರೆಲೆ:
ಮೊದಲ ಬಾಟಲಿಯ ಅಂತಿಮ ವರದಿಯೂ ಇಂದು ಬಂತು. ಐದು ದಿನ, ಬೆಳವಣಿಗೆ ಇಲ್ಲ. ಔಷಧ ಬದಲಿಸಿದ ಮೇಲೆ ಅಮ್ಮನ ಜ್ವರ ನಿನ್ನೆ ರಾತ್ರಿಯಿಂದ ಇಳಿದಿದೆ, ಎದ್ದು ಕೂತಿದ್ದಾರೆ. ಒಂದು ಮಕ್ಕಳ ಆಸೆ ಕೇಳಲೇ? ಅಮ್ಮನ ಕ್ಲೆಬ್ಸಿಯೆಲ್ಲಾ ಬೆಳೆದ ಆ ತಟ್ಟೆ ನೋಡಲು ಸಿಗುತ್ತದೆಯೇ?

ಅಗರ್ ತಟ್ಟೆ:
ಸಿಗುವುದಿಲ್ಲ. ಹೇಗಿತ್ತೆಂದು ಹೇಳಬಲ್ಲೆ: ಮೆಕಾಂಕಿ ಅಗರ್ ಮೇಲೆ ದಪ್ಪ ದಪ್ಪ ಗುಲಾಬಿ ಕಾಲೊನಿಗಳು, ಒಂದಕ್ಕೊಂದು ಕರಗಿ ಸೇರಿದಂತೆ, ಲೋಳೆಲೋಳೆ. ಲೂಪ್‌ನಿಂದ ಎತ್ತಿದರೆ ಒಮ್ಮೊಮ್ಮೆ ಎಳೆಯಂತೆ ಹಿಂದೆ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ವಾಸನೆ ಮಾತ್ರ ಕೇಳಬೇಡಿ. ವರದಿ ಸಹಿಯಾಗಿ ಕೆಲವು ದಿನಗಳ ನಂತರ ಅದನ್ನು ಆಟೋಕ್ಲೇವ್‌ಗೆ ಹಾಕಿ 121 ಡಿಗ್ರಿ ಹಬೆಯಲ್ಲಿ ಬೇಯಿಸಿ ಎಸೆಯುತ್ತಾರೆ. ಅಮ್ಮ ಮನೆಗೆ ಹೊರಡುವ ಹೊತ್ತಿಗೆ ಅದೂ ಹೋಗಿರುತ್ತದೆ.